ಮನೆಮಾತು ಬಿಡಿಸಬೇಡಿ

ನಾನು ಅಡಿಲೇಡ್‌ನಲ್ಲಿ ಸ್ಪೀಚ್ ಥೆರಪಿಸ್ಟ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆರು ವರ್ಷದ ಒಬ್ಬ ಹುಡುಗ ಬಂದ. ಮನೆಮಾತು ಪಿಟ್ಜಂಟ್ಜಟ್ಜಾರ, ಅಂದರೆ ಆಸ್ಟ್ರೇಲಿಯಾದ ಮೂಲನಿವಾಸಿಗಳ ಒಂದು ನುಡಿ. ಊರು ದೂರದ ಮರಳುಗಾಡಿನ ಕಡೆ. ಮಾತು ಹಿಂದಿದೆ, ಉಚ್ಚಾರ ಸರಿಯಿಲ್ಲ ಅಂತ ಶಾಲೆಯವರು ಬರೆದು ಕಳಿಸಿದ್ದರು. ನಾನು ಇಂಗ್ಲಿಷ್ ಟೆಸ್ಟ್ ಮಾಡಿ ಅದನ್ನೇ ಬರೆದುಬಿಟ್ಟೆ.

ಆಮೇಲೆ ಹೊರಗೆ ಬಂದರೆ ಅದೇ ಹುಡುಗ ಬೆಂಚಿನ ಮೇಲೆ ಕೂತು ಅಜ್ಜಿಗೆ ಏನೋ ಕಥೆ ಹೇಳುತ್ತಿದ್ದಾನೆ, ನಿಲ್ಲಿಸುವ ಮಾತೇ ಇಲ್ಲ, ನಡುನಡುವೆ ನಮ್ಮ ಣ, ಳ, ಟ ಥರದ ಸದ್ದುಗಳು ಸ್ಪಷ್ಟವಾಗಿ ಕೇಳಿಸುತ್ತಿವೆ.

ಆ ನುಡಿಗೂ ಕನ್ನಡಕ್ಕೂ ನೆಂಟಸ್ತನ ಇಲ್ಲ. ಆದರೆ ನಾಲಗೆ ಮಡಚಿ ಆಡುವ ಸದ್ದು ಎರಡರಲ್ಲೂ ಇದೆ. ಆ ನುಡಿ ಆಡುವವರು ತಮ್ಮನ್ನು 'ಅಣಂಗು' ಅಂತ ಕರೆದುಕೊಳ್ಳುತ್ತಾರೆ. ಆ ಣ ತೋರಿಸಲು ಇಂಗ್ಲಿಷ್ ಅಕ್ಷರದ ಕೆಳಗೆ ಒಂದು ಗೆರೆ ಎಳೆಯುತ್ತಾರೆ. ಇಂಗ್ಲಿಷ್ ಕಿವಿಗೆ ಅದು ಬರೀ ನ. ಇನ್ನು ಅವರ ನುಡಿಯಲ್ಲಿ ಪ, ಬ ಬೇರೆ ಬೇರೆ ಅಲ್ಲ, ಸ ಇಲ್ಲ, ಇಂಗ್ಲಿಷಿನ ಫ ಕೂಡ ಇಲ್ಲ. ಹಾಗಾಗಿ ಹುಡುಗ ಇಂಗ್ಲಿಷ್ ಮಾತಾಡುವಾಗ ಇವೆಲ್ಲ ಕಲಸಿಹೋಗುತ್ತಿದ್ದವು. ನಮ್ಮಜ್ಜಿ ಫ್ಯಾನಿಗೆ 'ಪ್ಯಾನು' ಅನ್ನುತ್ತಿದ್ದರು. ಅದನ್ನು ಯಾರೂ ಕಾಯಿಲೆ ಅಂದಿರಲಿಲ್ಲ, ಅಲ್ವಾ? ಆ ವರದಿ ಹರಿದು ಹಾಕಿ ಹೊಸದಾಗಿ ಬರೆದೆ.

ಮಾತಿನ ತೊಂದರೆ ನಿಜವಾಗಿ ಇದ್ದರೆ ಮಗು ಆಡುವ ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಕಂಡರೆ ಮಗು ಇಂಗ್ಲಿಷ್ ಇನ್ನೂ ಕಲಿಯುತ್ತಿದೆ ಅಂತ ಅರ್ಥ. ಅದಕ್ಕೇ ಈಗ ಮನೆಯ ದೊಡ್ಡವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳದೆ ನಾನು ಟೆಸ್ಟ್ ಶುರು ಮಾಡುವುದಿಲ್ಲ. ಅದಕ್ಕೂ ಮುಂಚೆ ಕಿವಿ ನೋಡಿಸುತ್ತೇನೆ. ದೂರದ ಊರುಗಳ ಅಬೊರಿಜಿನಲ್ (ಮೂಲನಿವಾಸಿ) ಮಕ್ಕಳಲ್ಲಿ ಕಿವಿ ಸೋರುವುದು ತುಂಬಾ ಜಾಸ್ತಿ. ಸರಿಯಾಗಿ ಕೇಳಿಸದಿದ್ದರೆ ಯಾವ ಭಾಷೆಯೂ ಹತ್ತುವುದಿಲ್ಲ.

1788ರಲ್ಲಿ ಬ್ರಿಟಿಷರು ಬಂದಿಳಿದಾಗ ಆಸ್ಟ್ರೇಲಿಯಾದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಇವತ್ತು ಮಕ್ಕಳು ತೊಟ್ಟಿಲಿನಿಂದಲೇ ಕಲಿಯುತ್ತಿರುವ ಹಳೆಯ ನುಡಿಗಳು ಹನ್ನೆರಡರ ಆಸುಪಾಸು. ಉಳಿದವು ಸುಮ್ನೆ ಮರೆಯಾಗಿಲ್ಲ. ಎಷ್ಟೋ ಕಡೆ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟರು. ಪಿಟ್ಜಂಟ್ಜಟ್ಜಾರ ಆಡುವವರ ಊರಾದ ಎರ್ನಬೆಲ್ಲಾದಂಥ ಜಾಗ ಅಪರೂಪ. ಅಲ್ಲಿನ ಮಿಷನ್ ಶಾಲೆ 1940ರಲ್ಲೇ ಪಿಟ್ಜಂಟ್ಜಟ್ಜಾರದಲ್ಲಿ ಓದು ಬರಹ ಕಲಿಸಿತು. ಅದೆಲ್ಲ ಗೊತ್ತಿದ್ದೂ 2008ರಲ್ಲಿ ಆಸ್ಟ್ರೇಲಿಯಾದ ಉತ್ತರ ಭಾಗದ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಸರ್ಕಾರ, ಶಾಲೆಯ ಮೊದಲ ನಾಲ್ಕು ಗಂಟೆ ಇಂಗ್ಲಿಷೇ ಇರಬೇಕು ಎಂದಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜಾಸ್ತಿ ಭಾಷೆ ಇದ್ದರೆ ಮಗುವಿಗೆ ಗೊಂದಲ ಅನ್ನುವವರು ಉತ್ತರದ ಸೌತ್ ಗೌಲ್ಬರ್ನ್ ದ್ವೀಪದಲ್ಲಿರುವ ವಾರುವಿ ಊರನ್ನು ನೋಡಬೇಕು. ಸುಮಾರು ನಾನೂರು ಜನ, ಒಂಬತ್ತು ಭಾಷೆ. ಒಬ್ಬರು ತಮ್ಮ ನುಡಿಯಲ್ಲಿ ಕೇಳುತ್ತಾರೆ, ಇನ್ನೊಬ್ಬರು ತಮ್ಮದರಲ್ಲಿ ಉತ್ತರ ಕೊಡುತ್ತಾರೆ. ಮಾತುಕತೆ ಹಾಗೇ ಸಾಗುತ್ತದೆ.

ನನ್ನ ಹತ್ತಿರ ಕನ್ನಡದ ಅಪ್ಪ-ಅಮ್ಮಂದಿರೂ ಬರುತ್ತಾರೆ. "ಮೇಡಂ, ಮಗು ತಡವಾಗಿ ಮಾತಾಡ್ತಿದೆ, ಕನ್ನಡ ನಿಲ್ಲಿಸಿ ಅಂದಿದ್ದಾರೆ" ಅನ್ನುತ್ತಾರೆ. ನಿಲ್ಲಿಸಬೇಡಿ ಅನ್ನುತ್ತೇನೆ. ಮುಂದಿನ ಸಲ ಬರುವಾಗ ಊರಲ್ಲಿರುವ ಅಜ್ಜಿಗೆ ವಿಡಿಯೋ ಕಾಲ್ ಹಚ್ಚಿಕೊಡಿ, ಮಗು ಅವರ ಜೊತೆ ಹೇಗೆ ಮಾತಾಡುತ್ತದೆ ಅಂತ ನಾನು ಕೇಳಬೇಕು.