ಹಾಲಿನ ಯೂರಿಯಾ ವರದಿ ಓದುವಾಗ ಮೊದಲು ನೋಡಬೇಕಾದದ್ದು

ಮೂಲ ವಿಷಯ ಚಿಕ್ಕದು. ಹಿಂಡಿ, ಹಸಿಮೇವಿನಲ್ಲಿರುವ ಪ್ರೋಟೀನಿನ ಬಹುಪಾಲು ಹಸುವಿನ ರೂಮೆನ್‌ನಲ್ಲಿ, ಅಂದರೆ ಹೊಟ್ಟೆಯ ಮೊದಲ ದೊಡ್ಡ ಕೋಣೆಯಲ್ಲಿ, ಒಡೆದು ಅಮೋನಿಯಾ ಆಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಂಡು ಬೆಳೆಯುತ್ತವೆ, ಆದರೆ ಅದಕ್ಕೆ ಪಿಷ್ಟದ ಶಕ್ತಿ ಜೊತೆಗಿರಬೇಕು. ಬಳಕೆಯಾಗದೆ ಉಳಿದ ಅಮೋನಿಯಾ ಯಕೃತ್ತಿಗೆ ಹೋಗಿ ಯೂರಿಯಾ ಆಗುತ್ತದೆ, ರಕ್ತದಿಂದ ಹಾಲಿಗೂ ಇಳಿಯುತ್ತದೆ. ಹಾಗಾಗಿ ಹಾಲಿನ ಯೂರಿಯಾ ನೋಡಿ ಮೇವಿನಲ್ಲಿ ಪ್ರೋಟೀನ್, ಶಕ್ತಿ ಹೊಂದಿಕೊಂಡಿವೆಯೇ ಎಂದು ಊಹಿಸಬಹುದು.

ತಲೆ ಕೆಡಿಸುವುದು ಅಂಕಿ. ಒಂದು ವರದಿ 12 ಎನ್ನುತ್ತದೆ, ಇನ್ನೊಂದು 26, ಮತ್ತೊಂದು 4.3. ಮೂರೂ ಒಂದೇ ಹಾಲಿನದಾಗಿರಬಹುದು! ಮೊದಲನೆಯದು ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ, ಎರಡನೆಯದು ಇಡೀ ಯೂರಿಯಾ. ಎರಡೂ 100 ಮಿ.ಲೀ.ಗೆ ಮಿ.ಗ್ರಾಂನಲ್ಲಿ. ಮೂರನೆಯದು ಲೀಟರಿಗೆ ಮಿಲಿಮೋಲ್, ಅಂದರೆ ತೂಕದ ಬದಲು ಅಣುಗಳ ಎಣಿಕೆಯ ಮಾನ. ಯೂರಿಯಾದ ಅಣುತೂಕ 60, ಅದರಲ್ಲಿರುವ ಎರಡು ನೈಟ್ರೋಜನ್ ಪರಮಾಣುಗಳದ್ದು 28. 60ನ್ನು 28ರಿಂದ ಭಾಗಿಸಿದರೆ 2.14. ನೈಟ್ರೋಜನ್ ಅಂಕಿಯನ್ನು 2.14ರಿಂದ ಗುಣಿಸಿದರೆ ಯೂರಿಯಾ ಸಿಗುತ್ತದೆ, 2.8ರಿಂದ ಭಾಗಿಸಿದರೆ ಮಿಲಿಮೋಲ್. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುಗಳಿಗೆ ಸಾಮಾನ್ಯವಾಗಿ ಹೇಳುವ 10ರಿಂದ 14ರ ಮಟ್ಟ ನೈಟ್ರೋಜನ್ ಲೆಕ್ಕದ್ದು. ಇಡೀ ಯೂರಿಯಾದ 26ನ್ನು ಆ ಮಟ್ಟಕ್ಕೆ ಹೋಲಿಸಿದರೆ ಸರಿಯಾಗಿ ತಿನ್ನುತ್ತಿರುವ ಹಸುವಿನ ಹಿಂಡಿಗೆ ಕತ್ತರಿ ಬೀಳುತ್ತದೆ, ಹಾಲೂ ಇಳಿಯುತ್ತದೆ.

ಕಲಬೆರಕೆ ಪತ್ತೆಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟಿರುವ 700 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 700 ಭಾಗ) ಮಿತಿಯೂ ಇಡೀ ಯೂರಿಯಾದ್ದೇ, ಅಂದರೆ 100 ಮಿ.ಲೀ.ಗೆ ಸುಮಾರು 70 ಮಿ.ಗ್ರಾಂ. ನೈಟ್ರೋಜನ್ ಲೆಕ್ಕದಲ್ಲಿ ಅದು 33ರ ಹತ್ತಿರ. ಹಾಗಾಗಿ ಕಲಬೆರಕೆ ಪರೀಕ್ಷೆಯಲ್ಲಿ ಪಾಸಾದ ಹಾಲು ಮೇವಿನ ಲೆಕ್ಕದಲ್ಲೂ ಸರಿಯಿದೆ ಎಂದುಕೊಳ್ಳುವಂತಿಲ್ಲ.

ಅಂಕಿ ಯಾವ ಮಾನದ್ದೆಂದು ಖಚಿತವಾದ ಮೇಲೆ ಪಕ್ಕದಲ್ಲೇ ಹಾಲಿನ ಪ್ರೋಟೀನ್ ಶೇಕಡಾವಾರು ಇಟ್ಟುಕೊಂಡು ಓದಬೇಕು. ಯೂರಿಯಾ ಹೆಚ್ಚು, ಪ್ರೋಟೀನ್ ಕಡಿಮೆ ಇದ್ದರೆ ನನ್ನ ಮೊದಲ ಅನುಮಾನ ಶಕ್ತಿಯ ಕೊರತೆ: ಮಳೆ ಬಿದ್ದ ಮೇಲಿನ ಎಳೆ ಹುಲ್ಲು ಅಥವಾ ಕುದುರೆಮೆಂತ್ಯ ಧಾರಾಳ, ಜೋಳದ ನುಚ್ಚು ಅಷ್ಟಕ್ಕಷ್ಟೆ. ಆಗ ನುಚ್ಚು ನಿಧಾನವಾಗಿ ಹೆಚ್ಚಿಸಿ ನೋಡುವುದು ವಾಸಿ. ಪ್ರೋಟೀನ್ ಚೆನ್ನಾಗಿದ್ದೂ ಯೂರಿಯಾ ಏರಿದ್ದರೆ ಕಡಲೆಕಾಯಿ ಹಿಂಡಿ ಕಡಿಮೆ ಮಾಡಬಹುದು, ಖರ್ಚೂ ಉಳಿಯುತ್ತದೆ. ಎರಡೂ ಕಡಿಮೆಯಿದ್ದು ಹಸು ಬರೀ ರಾಗಿಹುಲ್ಲಿನ ಮೇಲಿದ್ದರೆ ಹಿಂಡಿ, ಬೂಸಾ ಎರಡೂ ಬೇಕು.

ಒಂದೇ ಹಸುವಿನ ಒಂದು ಹೊತ್ತಿನ ಹಾಲನ್ನು ನಂಬಬೇಡಿ. ಹಿಂಡಿ ತಿಂದ ಕೆಲವು ಗಂಟೆಗಳಲ್ಲಿ ಯೂರಿಯಾ ಏರುತ್ತದೆ, ಆದ್ದರಿಂದ ಬೆಳಗಿನದಕ್ಕೂ ಸಂಜೆಯದಕ್ಕೂ ವ್ಯತ್ಯಾಸ ಬರುತ್ತದೆ. ಒಂದೇ ಮೇವು ತಿನ್ನುವ, ಕರು ಹಾಕಿ ಹೆಚ್ಚುಕಡಿಮೆ ಅಷ್ಟೇ ಸಮಯವಾದ ಹಸುಗಳ ಸರಾಸರಿ ತೆಗೆಯಿರಿ. ಮೇವು ಬದಲಿಸಿ ಒಂದೆರಡು ವಾರವಾದ ಮೇಲೆ ಅದೇ ಹಸುಗಳ, ಅದೇ ಹೊತ್ತಿನ ಹಾಲನ್ನು ಅದೇ ಪ್ರಯೋಗಾಲಯಕ್ಕೆ ಕಳಿಸಿ.