ಪರದೆ ಕಟ್ಟಿಕೊಂಡ ದೋಣಿ

1983ರ ಬೇಸಿಗೆ. ಅಮೆರಿಕದ ನ್ಯೂಪೋರ್ಟ್ ಬಂದರು. ‘ಆಸ್ಟ್ರೇಲಿಯಾ 2’ ಎಂಬ ಹಾಯಿದೋಣಿಯನ್ನು ನೀರಿನಿಂದ ಮೇಲೆತ್ತಿದಾಗಲೆಲ್ಲ ಅದರ ಹೊಟ್ಟೆಯ ಸುತ್ತ ಪರದೆ ಕಟ್ಟುತ್ತಿದ್ದರು. ದೋಣಿಗೇನು ನಾಚಿಕೆ, ಅಲ್ವಾ?

ಅದು ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಪಂದ್ಯದ ಕಾಲ. 1851ರಲ್ಲಿ ಅಮೆರಿಕದವರು ಗೆದ್ದ ಆ ಕಪ್ 132 ವರ್ಷ ಅವರ ಕೈ ತಪ್ಪಿರಲಿಲ್ಲ.

ಹಾಯಿದೋಣಿಯ ಅಡಿಯಲ್ಲಿ ಕೀಲ್ ಎಂಬ ಭಾರದ ಹಲಗೆ ಇಳಿಬಿದ್ದಿರುತ್ತದೆ. ಪಕ್ಕದ ಗಾಳಿಗೆ ದೋಣಿ ಮಗುಚದಂತೆ, ಅಡ್ಡಡ್ಡ ಜಾರದಂತೆ ಅದು ತಡೆಯುತ್ತದೆ. ಆದರೆ ಅದರ ಕೆಳತುದಿಯಲ್ಲಿ ನೀರು ಒಂದು ಬದಿಯಿಂದ ಇನ್ನೊಂದು ಬದಿಗೆ ನುಸುಳಿ ಸುಳಿ ಎಬ್ಬಿಸುತ್ತದೆ. ಅಷ್ಟು ವೇಗ ಸುಮ್ನೆ ಹಾಳು. ಬೆನ್ ಲೆಕ್ಸೆನ್ ವಿನ್ಯಾಸದ ಈ ದೋಣಿಯ ಕೀಲ್‌ಗೆ ಬುಡದಲ್ಲಿ ಎರಡು ರೆಕ್ಕೆಗಳಿದ್ದವು. ಸುಳಿ ತಗ್ಗಿತು, ಕೀಲ್‌ನ ಭಾರವೂ ಇನ್ನಷ್ಟು ತಳದಲ್ಲಿ ಕೂತಿತು. ಪರದೆ ಮುಚ್ಚಿಟ್ಟಿದ್ದು ಇದನ್ನೇ.

ಇದನ್ನು ಪರೀಕ್ಷಿಸಿದ್ದು ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ. ಉದ್ದನೆಯ ನೀರಿನ ತೊಟ್ಟಿಯಲ್ಲಿ ಮಾದರಿ ದೋಣಿಯನ್ನು ಎಳೆದು, ನೀರು ಎಷ್ಟು ಜಗ್ಗುತ್ತದೆ ಎಂದು ಅಳೆಯುತ್ತಾರೆ. ಕೇಳಲು ಮಕ್ಕಳಾಟ. ಆದರೆ ಮಾದರಿ ಸುಳ್ಳು ಹೇಳಬಲ್ಲದು! ಮಾದರಿ ಒಂಬತ್ತನೇ ಒಂದು ಪಾಲಿನಷ್ಟಿದ್ದರೆ, ಅದನ್ನು ನಿಜ ದೋಣಿಯ ವೇಗದ ಮೂರನೇ ಒಂದು ಪಾಲಿನಲ್ಲಿ ಎಳೆಯಬೇಕು. ಆಗ ಅಲೆಗಳು ಪಡಿಯಚ್ಚಿನಂತೆ ಏಳುತ್ತವೆ. ಇದು ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್ 19ನೇ ಶತಮಾನದಲ್ಲೇ ಕಂಡುಕೊಂಡ ಲೆಕ್ಕ. ನೀರಿನ ಅಂಟುತನ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಮಾದರಿ ಚಿಕ್ಕದಾದಷ್ಟೂ ಅದಕ್ಕೆ ನೀರು ಹೆಚ್ಚು ಅಂಟಂಟು.

1974ರಲ್ಲಿ ‘ಮ್ಯಾರಿನರ್’ ಎಂಬ ದೋಣಿ ಈ ಗುಂಡಿಗೆ ಬಿತ್ತು. ಅದರ ಹಿಂಭಾಗವನ್ನು ಮೆಟ್ಟಿಲಿನಂತೆ ಕಡಿದಿದ್ದರು. ತೊಟ್ಟಿಯಲ್ಲಿ ಚಿಕ್ಕ ಮಾದರಿ ಭೇಷ್ ಎನಿಸಿಕೊಂಡಿತು, ಕಡಲಲ್ಲಿ ದೋಣಿ ಓಡಲೇ ಇಲ್ಲ. ವಾಗೆನಿಂಗೆನ್‌ನಲ್ಲಿ ಬಳಸಿದ್ದು ಮೂರನೇ ಒಂದು ಅಳತೆಯ ಮಾದರಿ. ಅಂದರೆ ಆರು ಮೀಟರಿಗೂ ಉದ್ದ. ದುಬಾರಿ, ಆದರೆ ನಂಬಬಹುದು.

ಈಗ ಕಾಲ ತಿರುಗಿದೆ. 2021ರ ಪಂದ್ಯಕ್ಕೆ ತೊಟ್ಟಿ ಪರೀಕ್ಷೆಯನ್ನೇ ನಿಷೇಧಿಸಿ, ತಂಡಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು.

1983ರ ಆ ಪಂದ್ಯವನ್ನು ಗೆದ್ದದ್ದು ‘ಆಸ್ಟ್ರೇಲಿಯಾ 2’. ಗೆಲುವಿನ ಕೀರ್ತಿಯೆಲ್ಲ ರೆಕ್ಕೆಗೇ ಸಲ್ಲಬೇಕು ಎಂದು ನನಗನ್ನಿಸುವುದಿಲ್ಲ. ದೋಣಿಯೇ ಹಗುರ, ಚುರುಕು. ಪರದೆ ಎದುರಾಳಿಗಳ ತಲೆ ಕೆಡಿಸಿದ್ದೂ ಸೇರಿಕೊಂಡಿತು. 1-3ರಿಂದ ಹಿಂದಿದ್ದ ಆಸ್ಟ್ರೇಲಿಯಾ 4-3ರಿಂದ ಗೆದ್ದಿತು, ಕೊನೆಯ ಪಂದ್ಯದಲ್ಲಿ ಬರೀ 41 ಸೆಕೆಂಡುಗಳ ಅಂತರದಲ್ಲಿ. ಆ ರಾತ್ರಿ ಜನ ಬೊಬ್ಬೆ ಹೊಡೆಯುತ್ತಿದ್ದಂತೆ ದೋಣಿಯನ್ನು ಮೇಲೆತ್ತಿದರು. ಪರದೆ ಇರಲಿಲ್ಲ.