ಊರಿನ ಕಾಂಕ್ರೀಟ್ ಕಾವನ್ನೇ ಭೂಮಿಯ ಬಿಸಿ ಅಂತ ಲೆಕ್ಕ ಹಾಕ್ತಾರಾ?

ಓದುಗರ ಪ್ರಶ್ನೆ: ‘ಇತಿಹಾಸದಲ್ಲೇ ಅತಿ ಬಿಸಿ ವರ್ಷ’ ಅಂತ ಜನವರಿ ಬಂದರೆ ಸಾಕು ಸುದ್ದಿ ಬರುತ್ತದೆ. ಆದರೆ ಥರ್ಮಾಮೀಟರ್‌ಗಳಿರುವುದು ಹೆಚ್ಚಾಗಿ ಕಾಂಕ್ರೀಟ್ ತುಂಬಿದ ಊರುಗಳಲ್ಲಿ. ಸಾಲದ್ದಕ್ಕೆ ಹಳೆಯ ಅಂಕಿಗಳನ್ನು ವಿಜ್ಞಾನಿಗಳೇ ತಿದ್ದುತ್ತಾರಂತೆ. ಹಾಗಿದ್ದ ಮೇಲೆ ಈ ದಾಖಲೆಯನ್ನು ನಂಬುವುದು ಹೇಗೆ?

ಉತ್ತರ: ಪ್ರಶ್ನೆಯಲ್ಲಿರುವ ಎರಡು ಮಾತೂ ನಿಜ. ಊರೊಳಗೆ ಸುತ್ತಲಿನ ಹಳ್ಳಿಗಳಿಗಿಂತ ಬಿಸಿ ಹೆಚ್ಚು. ಹಳೆಯ ಅಂಕಿಗಳನ್ನು ತಿದ್ದುವುದೂ ಹೌದು. ಆದರೆ ಇವೆರಡರಿಂದ ‘ದಾಖಲೆಯೇ ಸುಳ್ಳು’ ಎಂಬ ತೀರ್ಮಾನಕ್ಕೆ ಹಾರುವವರು ನಡುವಿನ ಲೆಕ್ಕವನ್ನು ನೋಡುವುದಿಲ್ಲ. ಆ ಲೆಕ್ಕದಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ: ಇಡೀ ಭೂಮಿಯನ್ನು ತೆಗೆದುಕೊಂಡರೆ, ತಿದ್ದುಪಡಿಗಳಿಂದ 19ನೇ ಶತಮಾನದಿಂದೀಚಿನ ತಾಪ ಏರಿಕೆ ಕಡಿಮೆಯಾಗಿ ಕಾಣುತ್ತದೆಯೇ ಹೊರತು ಹೆಚ್ಚಾಗಿ ಅಲ್ಲ.

ಮೊದಲು ಅಳತೆ ನಡೆಯುವ ಜಾಗ ನೋಡೋಣ. ಹವಾಮಾನ ಕೇಂದ್ರದ ಅಂಗಳದಲ್ಲಿ ಕಾಲುಗಳ ಮೇಲೆ ನಿಂತ ಬಿಳಿ ಬಣ್ಣದ ಮರದ ಪೆಟ್ಟಿಗೆಗೆ ಸ್ಟೀವನ್ಸನ್ ಸ್ಕ್ರೀನ್ ಎನ್ನುತ್ತಾರೆ. ಗೋಡೆಗಳು ಎರಡು ಪದರದ ಓರೆ ಪಟ್ಟಿಗಳು. ಗಾಳಿ ಆಡುತ್ತದೆ, ಬಿಸಿಲು ಒಳಗೆ ಬೀಳುವುದಿಲ್ಲ. ನಮ್ಮ ಕಡೆ ಬಾಗಿಲು ಉತ್ತರಕ್ಕೆ, ತೆರೆದಾಗಲೂ ಸೂರ್ಯನ ಕಿರಣ ಥರ್ಮಾಮೀಟರಿನ ಬುರುಡೆಗೆ ತಾಗದಿರಲಿ ಎಂದು. ಥರ್ಮಾಮೀಟರ್ ನೆಲದಿಂದ ಒಂದೂಕಾಲು ಮೀಟರಿನಿಂದ ಎರಡು ಮೀಟರಿನೊಳಗೆ ಇರಬೇಕು. ಒಳಗೆ ನಾಲ್ಕು ಥರ್ಮಾಮೀಟರ್: ಒಣ ಬುರುಡೆಯದು, ಒದ್ದೆ ಬಟ್ಟೆ ಸುತ್ತಿದ್ದು, ಗರಿಷ್ಠದ್ದು, ಕನಿಷ್ಠದ್ದು. ಗರಿಷ್ಠದ್ದರಲ್ಲಿ ಪಾದರಸ, ಬುರುಡೆಯ ಬಳಿ ಕೊಳವೆ ಕಿರಿದಾಗಿರುವುದರಿಂದ ಏರಿದ ಪಾದರಸ ತಾನಾಗಿ ಇಳಿಯದು, ಕೊಡವಿ ಇಳಿಸಬೇಕು. ಪೆಟ್ಟಿಗೆಯ ಬಣ್ಣ ಮಾಸಿದರೆ, ಪಕ್ಕದಲ್ಲೊಂದು ಗೋಡೆ ಎದ್ದರೆ, ಹುಲ್ಲಿನ ನೆಲಕ್ಕೆ ಸಿಮೆಂಟ್ ಬಳಿದರೆ ಅಂಕಿ ಮೇಲೇರುತ್ತದೆ. ಜಾಗತಿಕ ಹವಾಮಾನ ಸಂಸ್ಥೆಯ ಮೊದಲ ದರ್ಜೆಯ ಕೇಂದ್ರವಾಗಬೇಕಾದರೆ ಶಾಖ ಸೂಸುವ ಕಟ್ಟಡ, ರಸ್ತೆಗಳು 100 ಮೀಟರ್ ಆಚೆ ಇರಬೇಕು. ಎಲ್ಲ ಕೇಂದ್ರಗಳೂ ಹಾಗಿಲ್ಲ. ಅದಕ್ಕೇ ತಿದ್ದುಪಡಿ ಬೇಕಾಗುವುದು.

ಈಗ ಲೆಕ್ಕಕ್ಕೆ ಬರೋಣ. ಭೂಮಿಯ ಸರಾಸರಿ ತೆಗೆಯುವಾಗ ಯಾರೂ ಊರೂರಿನ ಉಷ್ಣಾಂಶವನ್ನು ನೇರವಾಗಿ ಕೂಡಿ ಭಾಗಿಸುವುದಿಲ್ಲ. ‘ಇವತ್ತು ವಾಡಿಕೆಗಿಂತ ಎರಡು ಡಿಗ್ರಿ ಹೆಚ್ಚು’ ಎಂದು ರೇಡಿಯೊದಲ್ಲಿ ಕೇಳುತ್ತೇವಲ್ಲ, ಆ ವ್ಯತ್ಯಾಸವನ್ನಷ್ಟೇ ಕೂಡುತ್ತಾರೆ. ಮಂಗಳೂರು ಕಡಲ ತಡಿಯಲ್ಲಿದೆ, ಮಡಿಕೇರಿ ಸಾವಿರ ಮೀಟರಿಗೂ ಮೇಲಿದೆ. ಎರಡರ ಉಷ್ಣಾಂಶ ಎಂದೂ ಒಂದಾಗದು. ಆದರೆ ಒಂದು ತಿಂಗಳು ಮಂಗಳೂರು ತನ್ನ ವಾಡಿಕೆಗಿಂತ ಬಿಸಿಯಾಗಿದ್ದರೆ ಮಡಿಕೇರಿಯೂ ಸಾಮಾನ್ಯವಾಗಿ ತನ್ನ ವಾಡಿಕೆಗಿಂತ ಬಿಸಿಯಾಗಿರುತ್ತದೆ. ಈ ಹೊಂದಿಕೆ ಎಷ್ಟು ದೂರದವರೆಗೆ ಇರುತ್ತದೆ ಎಂದು ನಾಸಾದ ಜೇಮ್ಸ್ ಹ್ಯಾನ್ಸೆನ್ ಮತ್ತು ಸರ್ಗೈ ಲೆಬೆಡೆಫ್ 1987ರಲ್ಲಿ ಲೆಕ್ಕ ಹಾಕಿ, 1,200 ಕಿ.ಮೀ. ಎಂದು ಗೆರೆ ಎಳೆದರು. ನಾಸಾ ಇವತ್ತಿಗೂ ಅದನ್ನೇ ಬಳಸುತ್ತದೆ: ಭೂಮಿಯನ್ನು ಸಮ ವಿಸ್ತೀರ್ಣದ 8,000 ತುಂಡುಗಳಾಗಿ ಹಂಚಿ, ಪ್ರತಿ ತುಂಡಿಗೂ ಸುತ್ತಲಿನ ಕೇಂದ್ರಗಳ ವ್ಯತ್ಯಾಸವನ್ನು ಸೇರಿಸುತ್ತದೆ. ಹತ್ತಿರದ ಕೇಂದ್ರಕ್ಕೆ ತೂಕ ಹೆಚ್ಚು, ದೂರ ಹೋದಂತೆ ತೂಕ ಇಳಿದು 1,200 ಕಿ.ಮೀ.ಗೆ ಸೊನ್ನೆ. ಹಾಗಾಗಿ ಬೆಂಗಳೂರಿನ ಅರಮನೆ ರಸ್ತೆ, ಎಚ್‌ಎಎಲ್, ದೇವನಹಳ್ಳಿ ವಿಮಾನ ನಿಲ್ದಾಣ ಎಂದು ಒಂದೇ ನಗರದಲ್ಲಿ ಮೂರು ಕಡೆ ಅಳೆದರೂ ಭೂಮಿಯ ಲೆಕ್ಕದಲ್ಲಿ ಬೆಂಗಳೂರಿಗೆ ಮೂರು ಓಟು ಸಿಗುವುದಿಲ್ಲ.

ವ್ಯತ್ಯಾಸವನ್ನೇ ಲೆಕ್ಕ ಹಿಡಿಯುವುದರಿಂದ ಇನ್ನೊಂದು ಅನುಕೂಲ. ನೂರು ವರ್ಷದಿಂದ ಒಂದೇ ಸಮನೆ ಹಳ್ಳಿಗಿಂತ ಎರಡು ಡಿಗ್ರಿ ಬಿಸಿಯಾಗಿರುವ ಪೇಟೆಯಿಂದ ಏನೂ ತೊಂದರೆ ಇಲ್ಲ. ಅದರ ವಾಡಿಕೆಯೇ ಎರಡು ಡಿಗ್ರಿ ಮೇಲಿದೆ. ತೊಂದರೆ ಕೊಡುವುದು ಬೆಳೆಯುತ್ತಿರುವ ಊರು. ಅದಕ್ಕೆ ನಾಸಾ ಮಾಡುವುದಿಷ್ಟು: ರಾತ್ರಿ ಬೆಳಕಿನ ಉಪಗ್ರಹ ಚಿತ್ರ ನೋಡಿ ಯಾವ ಕೇಂದ್ರ ಊರೊಳಗಿದೆ, ಯಾವುದು ಹಳ್ಳಿಗಾಡಿನಲ್ಲಿದೆ ಎಂದು ಬೇರ್ಪಡಿಸುತ್ತದೆ. ಊರಿನ ಕೇಂದ್ರದ ದೀರ್ಘಾವಧಿ ಏರಿಕೆಯನ್ನು ಸುತ್ತಲಿನ ಹಳ್ಳಿ ಕೇಂದ್ರಗಳ ಏರಿಕೆಗೆ ಹೊಂದಿಸುತ್ತದೆ. ಹೀಗೆ ಮಾಡಿದ ಮೇಲೂ ಜಾಗತಿಕ ಅಂಕಿ ಹೆಚ್ಚು ಕದಲುವುದಿಲ್ಲ. ನೆಲದ ಮೇಲಿನ ಏರಿಕೆಯಲ್ಲಿ ತಿದ್ದದೆ ಉಳಿದ ನಗರದ ಪಾಲು ಶೇ. 10ನ್ನು ಮೀರುವ ಸಾಧ್ಯತೆ ಕಡಿಮೆ ಎಂದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ತಜ್ಞರ ಸಮಿತಿ ಐಪಿಸಿಸಿ 2021ರ ವರದಿಯಲ್ಲಿ ಹೇಳಿದೆ. ನೆಲವೋ ಭೂಮಿಯ ಶೇ. 29 ಮಾತ್ರ; ಉಳಿದದ್ದು ಸಮುದ್ರ, ಅಲ್ಲಿ ಕಾಂಕ್ರೀಟ್ ಇಲ್ಲ. ಜಗತ್ತಿನ ಸರಾಸರಿಗಿಂತ ಮೂರು-ನಾಲ್ಕು ಪಟ್ಟು ವೇಗವಾಗಿ ಕಾಯುತ್ತಿರುವುದು ಆರ್ಕ್ಟಿಕ್, ಅಲ್ಲಿ ಮಹಾನಗರಗಳಿಲ್ಲ.

ಇದರರ್ಥ ನಗರದ ಕಾವು ಸುಳ್ಳು ಅಂತಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತು. ಅಂಥ ಅಂಕಿಯಲ್ಲಿ ಕಡಿದ ಮರ, ಮುಚ್ಚಿದ ಕೆರೆಗಳ ಪಾಲೂ ಇದೆ, ಭೂಮಿಯ ಬಿಸಿಯ ಪಾಲೂ ಇದೆ. ‘ಎಲ್ಲ ಜಾಗತಿಕ ತಾಪಮಾನ’ ಎಂದು ನಗರಾಡಳಿತ ಕೈ ತೊಳೆದುಕೊಳ್ಳುವುದು ಎಷ್ಟು ತಪ್ಪೋ, ‘ಎಲ್ಲ ಕಾಂಕ್ರೀಟ್ ಮಹಿಮೆ’ ಎಂದು ಹವಾಮಾನ ಬದಲಾವಣೆಯನ್ನು ತಳ್ಳಿಹಾಕುವುದೂ ಅಷ್ಟೇ ತಪ್ಪು.

ಇನ್ನು ತಿದ್ದುವ ವಿಷಯ. ಜಗಳ ಹೆಚ್ಚು ನಡೆದಿರುವುದು ಅಮೆರಿಕದ ಅಂಕಿಗಳ ಮೇಲೆ, ಮತ್ತು ಅಲ್ಲಿ ತಿದ್ದುಪಡಿ ಏರಿಕೆಯನ್ನು ಹೆಚ್ಚಿಸಿರುವುದು ನಿಜ. ಕಾರಣ ಓದುವ ಹೊತ್ತು. ಹಿಂದೆ ಅಲ್ಲಿನ ಸ್ವಯಂಸೇವಕರು ಸಂಜೆ ಐದರ ಸುಮಾರಿಗೆ ಥರ್ಮಾಮೀಟರ್ ಓದಿ, ಮತ್ತೆ ಸಜ್ಜು ಮಾಡಿ ಇಡುತ್ತಿದ್ದರು. ಆ ಹೊತ್ತಿಗೆ ಬಿಸಿಲ ಕಾವು ಇಳಿದಿರುವುದಿಲ್ಲ. ಗಾಳಿ 37 ಡಿಗ್ರಿ ಇದ್ದರೆ ಸಜ್ಜು ಮಾಡಿದ ಥರ್ಮಾಮೀಟರ್ ಆಗಲೇ 37ರಲ್ಲಿ ನಿಂತಿರುತ್ತದೆ. ಮರುದಿನ ಮೋಡ ಕವಿದು 30 ದಾಟದಿದ್ದರೂ ಆ ದಿನದ ಗರಿಷ್ಠ 37 ಎಂದೇ ಪುಸ್ತಕಕ್ಕೆ ಏರುತ್ತದೆ. ಒಂದೇ ಬಿಸಿಗೆ ಎರಡು ಸಲ ಎಣಿಕೆ! ಮುಂದೆ ಮಳೆ ಅಳತೆಗೆ ಅನುಕೂಲವೆಂದು ಓದುವ ಹೊತ್ತನ್ನು ಬೆಳಿಗ್ಗೆಗೆ ಬದಲಾಯಿಸಿದರು. ಇಲ್ಲದ ಬಿಸಿ ಪುಸ್ತಕದಿಂದ ಕಳಚಿಕೊಂಡು ದೇಶವೇ ತಣ್ಣಗಾದಂತೆ ಕಂಡಿತು. ಇದನ್ನು ಸರಿಪಡಿಸದೆ ಬಿಟ್ಟರೆ ಅದೇ ತಪ್ಪು.

ಸಮುದ್ರದಲ್ಲಿ ಕಥೆ ಉಲ್ಟಾ. ಎರಡನೇ ಮಹಾಯುದ್ಧಕ್ಕೆ ಮುಂಚೆ ಹಡಗಿನವರು ಹೆಚ್ಚಾಗಿ ಕ್ಯಾನ್ವಾಸ್ ಬಕೆಟ್ ಇಳಿಬಿಟ್ಟು ನೀರೆತ್ತಿ, ಡೆಕ್ಕಿನ ಮೇಲಿಟ್ಟು ಥರ್ಮಾಮೀಟರ್ ಅದ್ದುತ್ತಿದ್ದರು. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿ, ಬೇಸಿಗೆಯ ಮಣ್ಣಿನ ಹೂಜಿಯಂತೆ ನೀರು ತಣ್ಣಗಾಗುತ್ತಿತ್ತು. ಆಮೇಲೆ ಎಂಜಿನ್ ತಂಪು ಮಾಡಲು ಎಳೆದುಕೊಳ್ಳುವ ನೀರಿನ ಕೊಳವೆಯಲ್ಲೇ ಅಳೆಯತೊಡಗಿದರು. ಅಲ್ಲಿ ಎಂಜಿನ್ ಕೋಣೆಯ ಶಾಖ ಸೇರಿ ಅಂಕಿ ತುಸು ಮೇಲೆ. ಕಚ್ಚಾ ಅಂಕಿಗಳನ್ನು ಹಾಗೇ ಜೋಡಿಸಿದರೆ ಸಮುದ್ರ ಇದ್ದದ್ದಕ್ಕಿಂತ ಹೆಚ್ಚು ಕಾದಂತೆ ತೋರುತ್ತದೆ. ಆದ್ದರಿಂದ ಹಳೆಯ ಬಕೆಟ್ ಅಂಕಿಗಳನ್ನು ಮೇಲೆತ್ತುತ್ತಾರೆ, ಒಟ್ಟು ಏರಿಕೆ ಇಳಿಯುತ್ತದೆ. ಸಮುದ್ರದ ಪಾಲು ದೊಡ್ಡದಾದ್ದರಿಂದ ನೆಲದ ತಿದ್ದುಪಡಿಯನ್ನು ಇದು ಮೀರಿಸುತ್ತದೆ. ಬಿಸಿಯನ್ನು ಉಬ್ಬಿಸುವುದೇ ಉದ್ದೇಶವಾಗಿದ್ದರೆ ವಿಜ್ಞಾನಿಗಳು ಬಕೆಟ್‌ಗಳನ್ನು ಮುಟ್ಟದೆ ಬಿಟ್ಟಿದ್ದರೆ ಸಾಕಿತ್ತು.

ಅನುಮಾನ ಪಟ್ಟವರೇ ಪರೀಕ್ಷೆಗೆ ಇಳಿದದ್ದೂ ಉಂಟು, ಮತ್ತು ಈ ಚರ್ಚೆಯಲ್ಲಿ ನನಗೆ ಅತ್ಯಂತ ಗೌರವ ಇರುವುದು ಆ ಕೆಲಸದ ಮೇಲೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಹಳೆಯ ಲೆಕ್ಕಗಳನ್ನು ನಂಬದೆ ‘ಬರ್ಕ್ಲಿ ಅರ್ತ್’ ತಂಡ ಕಟ್ಟಿದರು. ಹಣ ಕೊಟ್ಟವರಲ್ಲಿ ತೈಲೋದ್ಯಮಿ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. ಅವರ ವಿಧಾನವೇ ಬೇರೆ: ಕೇಂದ್ರ ಜಾಗ ಬದಲಿಸಿದ, ಉಪಕರಣ ಬದಲಾದ ಕಡೆ ಅಂಕಿ ತಿದ್ದದೆ ದಾಖಲೆಯನ್ನೇ ಕತ್ತರಿಸಿ, ಎರಡು ಬೇರೆ ಕೇಂದ್ರಗಳೆಂದು ಎಣಿಸುವುದು. 2011ರಲ್ಲಿ ಬಂದ ಫಲಿತಾಂಶ ನಾಸಾ, ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾ ಮತ್ತು ಬ್ರಿಟನ್ನಿನ ಲೆಕ್ಕಗಳ ಪಕ್ಕದಲ್ಲೇ ಬಂದು ಕೂತಿತು. ಮುಲ್ಲರ್ ತಮ್ಮ ನಿಲುವು ಬದಲಿಸಿಕೊಂಡೆ ಎಂದು ಬಹಿರಂಗವಾಗಿ ಬರೆದರು. ಅತ್ತ ಅಮೆರಿಕ 2000ರ ದಶಕದಲ್ಲಿ ಊರುಗಳಿಂದ ದೂರದ ಬಯಲುಗಳಲ್ಲಿ ಹೊಸ ಕೇಂದ್ರಗಳ ಜಾಲವನ್ನೇ ಹಾಕಿತು: ಮುಖ್ಯ ಭೂಭಾಗದಲ್ಲಿ 114 ಕೇಂದ್ರ, ಒಂದೊಂದರಲ್ಲೂ ಮೂರು ಥರ್ಮಾಮೀಟರ್, ಒಂದು ಕೆಟ್ಟರೆ ಉಳಿದೆರಡು ಹೇಳುತ್ತವೆ. ಇದರ ಅಂಕಿಗೆ ತಿದ್ದುಪಡಿಯ ಅಗತ್ಯವೇ ಇಲ್ಲ. ಹಳೆಯ ಜಾಲದ ತಿದ್ದಿದ ಅಂಕಿಗಳು ಇದರ ಜೊತೆ ಹೆಜ್ಜೆ ಹಾಕುತ್ತಿವೆ.

ಬಿಸಿ ಅಂಕಿ ಬಂದರೆ ಸಾಕು, ಕಣ್ಣಿಗೊತ್ತಿಕೊಳ್ಳುತ್ತಾರೆ ಎನ್ನುವವರು ದೆಹಲಿಯ ಮುಂಗೇಶ್‌ಪುರವನ್ನು ನೆನಪಿಸಿಕೊಳ್ಳಬೇಕು. 2024ರ ಮೇ 29ರಂದು ಅಲ್ಲಿನ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶದ ದಾಖಲೆ ರಾಜಸ್ಥಾನದ ಫಲೋದಿಯದು, 2016ರ 51 ಡಿಗ್ರಿ. ಅದು ಮುರಿಯಿತೆಂದು ಟಿವಿಗಳು ಕೂಗಿದವು. ಆದರೆ ಅದೇ ದಿನ ಸಫ್ದರ್‌ಜಂಗ್ ಕೇಂದ್ರದಲ್ಲಿ 46.8 ಇತ್ತು. ಹವಾಮಾನ ಇಲಾಖೆಯವರು ಪ್ರಮಾಣಿತ ಉಪಕರಣವನ್ನು ಮುಂಗೇಶ್‌ಪುರಕ್ಕೆ ಒಯ್ದು ಪಕ್ಕದಲ್ಲಿಟ್ಟು ನೋಡಿದರು. ಅಲ್ಲಿನ ಸೆನ್ಸರ್ ಸುಮಾರು ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಫಲೋದಿಯ ದಾಖಲೆ ಹಾಗೇ ಉಳಿಯಿತು. ಲಿಬಿಯಾದ ಎಲ್ ಅಜೀಜಿಯಾದಲ್ಲಿ 1922ರಲ್ಲಿ ಬರೆದಿಟ್ಟ 58 ಡಿಗ್ರಿಯ ವಿಶ್ವದಾಖಲೆಯನ್ನೂ ಜಾಗತಿಕ ಹವಾಮಾನ ಸಂಸ್ಥೆ 2012ರಲ್ಲಿ ರದ್ದು ಮಾಡಿತು. ಅನುಭವ ಸಾಲದ ವೀಕ್ಷಕರು ಥರ್ಮಾಮೀಟರನ್ನು ತಪ್ಪಾಗಿ ಓದಿದ್ದಿರಬೇಕು ಎಂಬ ಕಾರಣಕ್ಕೆ.

ಸರಿ, 2024 ಎಷ್ಟು ಬಿಸಿ? ಇಲ್ಲಿ ಓದುಗರು ಎಡವುವುದು ಸಹಜ, ಏಕೆಂದರೆ ಒಂದೊಂದು ಸುದ್ದಿಯಲ್ಲಿ ಒಂದೊಂದು ಅಂಕಿ. ಜಾಗತಿಕ ಹವಾಮಾನ ಸಂಸ್ಥೆ ಆರು ಲೆಕ್ಕಗಳನ್ನು ಸೇರಿಸಿ 1.55 ಡಿಗ್ರಿ ಎಂದಿತು. ನಾಸಾ 1.28 ಎಂದಿತು. ಭಾರತದ ಹವಾಮಾನ ಇಲಾಖೆ, 1901ರಿಂದೀಚೆಗೆ ದೇಶದ ಅತಿ ಬಿಸಿ ವರ್ಷ ಎಂದು ಹೇಳಿ, 0.65 ಎಂದಿತು. ಅಂಕಿಗಳು ಜಗಳವಾಡುತ್ತಿಲ್ಲ; ವಾಡಿಕೆ ಎಂದು ಹಿಡಿದ ಕಾಲ ಬೇರೆ ಬೇರೆ. ಮೊದಲನೆಯದಕ್ಕೆ 1850-1900, ನಾಸಾಗೆ 1951-1980, ನಮ್ಮ ಇಲಾಖೆಗೆ 1991-2020. ಯುರೋಪಿನ ಕೋಪರ್ನಿಕಸ್ ಸೇವೆ ಇದನ್ನು ಬಿಡಿಸಿ ತೋರಿಸುತ್ತದೆ: 1991-2020ರ ಸರಾಸರಿಯೇ 1850-1900ಕ್ಕಿಂತ 0.88 ಡಿಗ್ರಿ ಮೇಲಿದೆ. 2024 ಅದಕ್ಕಿಂತ 0.72 ಮೇಲೆ, ಕೂಡಿದರೆ 1.60. ಭಾರತದ 0.65ನ್ನು ಹೋಲಿಸಬೇಕಾದದ್ದು ಈ 0.72ರ ಜೊತೆ, 1.55ರ ಜೊತೆ ಅಲ್ಲ. ‘ಭಾರತ ಅಷ್ಟೇನೂ ಕಾದಿಲ್ಲ’ ಎಂಬ ಸಂದೇಶಗಳು ಹುಟ್ಟುವುದು ಈ ತಪ್ಪು ಹೋಲಿಕೆಯಿಂದಲೇ.

ದಾಖಲೆ ಎಂದು ಹೇಳುವಾಗ ಅಂತರವನ್ನೂ ಕೇಳಬೇಕು. 2014 ದಾಖಲೆಯ ವರ್ಷ ಎಂದು ನಾಸಾ ಹೇಳಿದಾಗ, ಅದು ನಿಜಕ್ಕೂ ಮೊದಲ ಸ್ಥಾನದಲ್ಲಿರುವ ಸಂಭವ ಶೇ. 38 ಮಾತ್ರ ಎಂದು ತಾನೇ ಲೆಕ್ಕ ಕೊಟ್ಟಿತ್ತು. ಅದನ್ನು ಹಿಡಿದು ದೊಡ್ಡ ರಾದ್ಧಾಂತವಾಯಿತು. ಆಗ ಸ್ಪರ್ಧಿ ವರ್ಷಗಳ ನಡುವಿನ ಅಂತರ ಒಂದು ಡಿಗ್ರಿಯ ನೂರನೇ ಒಂದೆರಡು ಭಾಗ ಇತ್ತು, ಹಾಗಾಗಿ ಎಚ್ಚರಿಕೆ ಸರಿಯೇ. 2023 ಮತ್ತು 2024ರಲ್ಲಿ, ಪೆಸಿಫಿಕ್ ಸಾಗರದ ನೀರು ಕಾದು ಜಗತ್ತಿನ ಬಿಸಿ ಏರಿಸುವ ಎಲ್ ನಿನೊ ಕೂಡ ಕೈ ಸೇರಿಸಿತ್ತು. ಆದರೆ 1998ರಲ್ಲೂ ಬಲವಾದ ಎಲ್ ನಿನೊ ಇತ್ತು. ಅಂದು ದಾಖಲೆ ಬರೆದ ಆ ವರ್ಷವನ್ನು, ತಂಪು ತರುವ ಲಾ ನಿನಾ ಇದ್ದ 2021, 2022 ಕೂಡ ಹಿಂದೆ ಹಾಕಿವೆ. 2024 ಮುಗಿದಾಗ, ದಾಖಲೆಯಲ್ಲಿ ಅತಿ ಬಿಸಿಯಾದ ಹತ್ತು ವರ್ಷಗಳು 2015ರಿಂದ 2024ರವರೆಗಿನ ಹತ್ತು ವರ್ಷಗಳೇ ಆಗಿದ್ದವು. ಇನ್ನು ಪ್ಯಾರಿಸ್ ಒಪ್ಪಂದದ 1.5 ಡಿಗ್ರಿ ಗೆರೆ ಹಲವು ವರ್ಷಗಳ ಸರಾಸರಿಗೆ ಸೇರಿದ್ದು. ಒಂದು ವರ್ಷ ದಾಟಿದ ಮಾತ್ರಕ್ಕೆ ಅದು ಮುರಿದಂತಲ್ಲ.

ಸ್ವತಃ ಪರೀಕ್ಷಿಸಬೇಕೆನ್ನುವವರಿಗೆ ದಾರಿ ತೆರೆದಿದೆ. ನಾಸಾದ ‘ಜಿಸ್‌ಟೆಂಪ್’ ಪುಟದಲ್ಲಿ 1880ರಿಂದ ತಿಂಗಳು ತಿಂಗಳಿನ ಪಟ್ಟಿ ಪುಕ್ಕಟೆ ಸಿಗುತ್ತದೆ. ಪಠ್ಯ ರೂಪದ ಪಟ್ಟಿಯಲ್ಲಿ 128 ಎಂದಿದ್ದರೆ 1.28 ಡಿಗ್ರಿ ಎಂದು ಓದಬೇಕು. ಲೆಕ್ಕ ಮಾಡುವ ಪ್ರೋಗ್ರಾಮೂ ಅಲ್ಲೇ ಇದೆ. ನೋವಾದ ಜಿಎಚ್‌ಸಿಎನ್ ಸಂಗ್ರಹದಲ್ಲಿ ಸುಮಾರು 27,000 ಕೇಂದ್ರಗಳ ಮಾಸಿಕ ಅಂಕಿಗಳಿವೆ. ಹೆಸರಿನಲ್ಲಿ ‘ಕ್ಯೂಸಿಯು’ ಇರುವ ಕಡತ ತಿದ್ದದೆ ಬಿಟ್ಟದ್ದು, ‘ಕ್ಯೂಸಿಎಫ್’ ಇರುವುದು ತಿದ್ದಿದ್ದು. ಎರಡನ್ನೂ ಇಳಿಸಿಕೊಂಡು ಒಂದೇ ಹಾಳೆಯಲ್ಲಿ ಗೆರೆ ಎಳೆಯಿರಿ, ಆದರೆ ಎಲ್ಲ ಕೇಂದ್ರಗಳದ್ದು. ಒಂದೇ ಕೇಂದ್ರವನ್ನು ಆರಿಸಿ ‘ನೋಡಿ ಹೇಗೆ ತಿರುಚಿದ್ದಾರೆ’ ಎಂದು ತೋರಿಸುವುದು ಸುಲಭ. ತಿದ್ದುಪಡಿ ಕೆಲವು ಕಡೆ ಅಂಕಿಯನ್ನು ಮೇಲೆತ್ತುತ್ತದೆ, ಕೆಲವು ಕಡೆ ಇಳಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ‘ಬಿಸಿ ನಿಂತಿದೆ’ ಎಂಬ ಗ್ರಾಫ್ ಬಂದರೆ ಅದು ಯಾವ ವರ್ಷದಿಂದ ಶುರುವಾಗುತ್ತದೆ ಎಂದು ಮೊದಲು ನೋಡಿ. 1998 ಅಥವಾ 2016 ಆಗಿದ್ದರೆ, ಎಲ್ ನಿನೊ ಶಿಖರದಿಂದ ಇಳಿಜಾರು ತೋರಿಸಿದ್ದಾರೆ ಎಂದೇ ಅರ್ಥ.

ಹತ್ತಿರದ ಒಂದು ಮಾತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನು ಇಟ್ಟಿದೆ. ಮಳೆ, ಬಿಸಿಲಿನ ಸ್ಥಳೀಯ ಏರಿಳಿತ ತಿಳಿಯಲು, ಎಚ್ಚರಿಕೆ ಕೊಡಲು ಅವು ಬೇಕೇ ಬೇಕು. ಆದರೆ ಹವಾಮಾನ ಇಲಾಖೆಯ ಹಳೆಯ ವೀಕ್ಷಣಾಲಯಗಳಂತೆ ಅವುಗಳ ಹಿಂದೆ ನೂರು ವರ್ಷದ ಪುಸ್ತಕ ಇಲ್ಲ. ಅವುಗಳಲ್ಲೊಂದು 45 ತೋರಿಸಿದರೆ ಆ ಮಧ್ಯಾಹ್ನ ಹೊಲದ ಕೆಲಸ ನಿಲ್ಲಿಸಲು ಅಷ್ಟು ಸಾಕು. ‘ನೂರು ವರ್ಷದ ದಾಖಲೆ’ ಎಂದು ಬರೆಯಲು ಸಾಲದು. ಕಾರಿನ ಡ್ಯಾಶ್‌ಬೋರ್ಡಿನ ಅಂಕಿಯಂತೂ ರಸ್ತೆ ಮತ್ತು ಎಂಜಿನ್ ಕಾವನ್ನು ಸೇರಿಸಿಕೊಂಡದ್ದು. ಮೊಬೈಲ್ ಆ್ಯಪ್ ತೋರಿಸುವುದು ಹೆಚ್ಚಾಗಿ ಕಂಪ್ಯೂಟರ್ ಮಾದರಿಯ ಅಂದಾಜು. ದಾಖಲೆ ಮುರಿಯಿತು ಎಂದು ಹಂಚುವ ಮುನ್ನ ಅದು ಯಾವ ಕೇಂದ್ರದ್ದು, ಅಲ್ಲಿ ಎಂದಿನಿಂದ ಅಳೆಯುತ್ತಿದ್ದಾರೆ, ಅಕ್ಕಪಕ್ಕದ ಕೇಂದ್ರಗಳು ಆ ದಿನ ಎಷ್ಟು ತೋರಿಸಿದವು ಎಂದು ನೋಡಿಕೊಳ್ಳಿ. ಮುಂಗೇಶ್‌ಪುರದ ತಪ್ಪು ಸಿಕ್ಕಿಬಿದ್ದದ್ದು ಈ ಮೂರನೇ ಪ್ರಶ್ನೆಯಿಂದಲೇ.